ಮೊಣಕಾಲಿನ ಮೇಲೆ ಊತ, ವರದಿಯಲ್ಲಿ ‘ಆಸ್ಟಿಯೋಸಾರ್ಕೋಮಾ ಶಂಕೆ’: ಬಯಾಪ್ಸಿಗೆ ಮೊದಲು ಏನು, ಆಮೇಲೆ ಏನು?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಮೂರು ತಿಂಗಳಿಂದ ಬಲ ಮೊಣಕಾಲಿನ ಸ್ವಲ್ಪ ಮೇಲೆ ನೋವು. ಆಟ ಆಡುವಾಗ ಬಿದ್ದಿದ್ದ, ಅದರದ್ದೇ ಉಳುಕು ಅಂದುಕೊಂಡು ನೋವಿನ ಮಾತ್ರೆ ಕೊಟ್ಟೆವು. ಈಗ ಊತ ಬಂದಿದೆ, ರಾತ್ರಿ ನೋವಿಗೆ ಎಚ್ಚರವಾಗುತ್ತದೆ. ಎಕ್ಸ್-ರೇ ವರದಿಯಲ್ಲಿ ‘ಆಸ್ಟಿಯೋಸಾರ್ಕೋಮಾ ಶಂಕೆ, ಎಂಆರ್‌ಐ ಮತ್ತು ಬಯಾಪ್ಸಿ ಅಗತ್ಯ’ ಎಂದಿದೆ. ಆಸ್ಟಿಯೋಸಾರ್ಕೋಮಾ ಅಂದರೆ ಒಂದು ಬಗೆಯ ಮೂಳೆ ಕ್ಯಾನ್ಸರ್ ಅಂತೆ. ಗಡ್ಡೆಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಮನೆಯಲ್ಲಿ ಹೆದರುತ್ತಿದ್ದಾರೆ. ಒಬ್ಬ ಸರ್ಜನ್ ಮುಂದಿನ ವಾರವೇ ತೆರೆದು ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸೋಣ ಎನ್ನುತ್ತಿದ್ದಾರೆ. ಯಾವುದು ಸರಿ? ಕಾಲು ತೆಗೆಯಲೇಬೇಕಾ? ಬಿದ್ದದ್ದರಿಂದಲೇ ಹೀಗಾಯಿತಾ?

ಉತ್ತರ: ಮುಂದಿನ ವಾರದ ಆಪರೇಷನ್ನಿಗೆ ಒಪ್ಪಬೇಡಿ. ಮೊದಲು ಎಂಆರ್‌ಐ ಆಗಲಿ. ಅದರ ಸಿಡಿ, ಎಕ್ಸ್-ರೇ ಫಿಲ್ಮ್ ಎರಡನ್ನೂ ಹಿಡಿದುಕೊಂಡು ಮೂಳೆ ಗಡ್ಡೆಗಳನ್ನೇ ನೋಡುವ ಸರ್ಜನ್ ಇರುವ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ, ಬಯಾಪ್ಸಿಯನ್ನು (ಗಡ್ಡೆಯ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಅಲ್ಲೇ ಮಾಡಿಸಿ. ಅಲ್ಲಿಯವರೆಗೆ ಮಗ ಆ ಕಾಲಿನ ಮೇಲೆ ಭಾರ ಹಾಕದೆ ಊರುಗೋಲು ಹಿಡಿದೇ ಓಡಾಡಲಿ. ಗಡ್ಡೆಯಿಂದ ಸಡಿಲಾದ ಮೂಳೆ ಮೆಟ್ಟಿಲಿಳಿಯುವಾಗ ಕಾಲು ಸ್ವಲ್ಪ ತಿರುಚಿದರೂ ಮುರಿಯಬಹುದು. ಮುರಿದರೆ ಸೋರಿದ ರಕ್ತದ ಜೊತೆ ಗಡ್ಡೆಯ ಜೀವಕೋಶಗಳು ಸುತ್ತಲಿನ ಸ್ನಾಯುವಿನೊಳಗೆ ಇಳಿಯುತ್ತವೆ, ಕಾಲು ಉಳಿಸುವ ಲೆಕ್ಕಾಚಾರ ಕಷ್ಟವಾಗುತ್ತದೆ. ತಿಕ್ಕುವುದು, ಮಸಾಜ್ ಮಾಡುವುದು ಬೇಡ.

ಬಿದ್ದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆಟ್ಟಿನಿಂದ ಮೂಳೆ ಕ್ಯಾನ್ಸರ್ ಬರುವುದಿಲ್ಲ. ಬಿದ್ದ ಮೇಲೆ ಆ ಜಾಗದ ಕಡೆ ಗಮನ ಹೋಗುತ್ತದೆ, ಅಷ್ಟೇ. ಆಟವಾಡುವ ಹುಡುಗ ಹದಿನೈದು ದಿನಕ್ಕೊಮ್ಮೆ ಬಿದ್ದೇ ಬೀಳುತ್ತಾನೆ. ಹಾಗಾಗಿ ಇಂಥ ಪ್ರತಿ ಮನೆಯಲ್ಲೂ ಒಂದು ಬಿದ್ದ ನೆನಪು ಇರುತ್ತದೆ. ಮೂರು ತಿಂಗಳು ತಡವಾಯಿತು ಎಂಬ ಅಪರಾಧ ಭಾವವನ್ನೂ ಬಿಡಿ. ಈ ಕಾಯಿಲೆ ಹೆಚ್ಚಿನವರಲ್ಲಿ ಪತ್ತೆಯಾಗುವುದೇ ತಿಂಗಳುಗಟ್ಟಲೆ ನೋವಿನ ನಂತರ.

‘ಶಂಕೆ’ ಎನ್ನುವ ಪದವನ್ನು ಶಂಕೆಯಾಗಿಯೇ ತೆಗೆದುಕೊಳ್ಳಿ. ವಯಸ್ಸು, ಜಾಗ, ರಾತ್ರಿ ನೋವು ಮೂರೂ ಆ ಕಡೆಗೇ ಬೆರಳು ತೋರಿಸುತ್ತವೆ ನಿಜ: ಆಸ್ಟಿಯೋಸಾರ್ಕೋಮಾ ಹೆಚ್ಚು ಕಾಣಿಸುವುದು 10ರಿಂದ 20ರ ವಯಸ್ಸಿನಲ್ಲಿ, ಮೂಳೆ ಬೇಗ ಬೆಳೆಯುವ ಜಾಗಗಳಲ್ಲಿ. ತೊಡೆಮೂಳೆಯ ಕೆಳತುದಿ ಮೊದಲು, ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ ಆಮೇಲೆ, ಭುಜದ ಹತ್ತಿರ ತೋಳಿನ ಮೂಳೆ ಅದರ ನಂತರ. ಆದರೆ ಮೂಳೆಯ ಸೋಂಕು, ಮೂಳೆಯ ಕ್ಷಯ, ಗುಣವಾಗುತ್ತಿರುವ ಸೂಕ್ಷ್ಮ ಬಿರುಕು ಕೂಡ ಎಕ್ಸ್-ರೇಯಲ್ಲಿ ಇದೇ ವೇಷ ಹಾಕುತ್ತವೆ. ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದು ಕ್ಯಾನ್ಸರಿನಲ್ಲಂತೂ ಜ್ವರವೂ ಇರಬಹುದು, ರಕ್ತಪರೀಕ್ಷೆಯಲ್ಲಿ ಉರಿಯೂತದ ಸೂಚಕವಾದ ಇಎಸ್‌ಆರ್ ಕೂಡ ಏರಿರಬಹುದು. ಸೋಂಕು ಎಂದು ತಿಳಿದು ವಾರಗಟ್ಟಲೆ ಆ್ಯಂಟಿಬಯಾಟಿಕ್ ಕೊಡುವುದುಂಟು. ಜೈಂಟ್ ಸೆಲ್ ಟ್ಯೂಮರ್ ಎಂಬುದು ಮೂಳೆಯನ್ನು ತಿಂದರೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಅದಕ್ಕೆ ಕೀಮೋ ಬೇಡ. ಇವೆಲ್ಲಕ್ಕೂ ಚಿಕಿತ್ಸೆ ಬೇರೆ ಬೇರೆ. ಬಯಾಪ್ಸಿ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗದು.

ಮೂಳೆ, ಸ್ನಾಯು, ಕೊಬ್ಬು, ನರ, ರಕ್ತನಾಳಗಳಂಥ ಜೋಡಣೆಯ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಒಟ್ಟಾರೆ ಹೆಸರು ಸಾರ್ಕೋಮಾ. ದೊಡ್ಡವರ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇ. 1ರ ಆಸುಪಾಸು. ಅಷ್ಟರಲ್ಲೇ 70ಕ್ಕೂ ಹೆಚ್ಚು ಬಗೆಗಳು. ಹಾಗಾಗಿ ಒಳ್ಳೆಯ ಅನುಭವವಿರುವ ಸಾಮಾನ್ಯ ಸರ್ಜನ್ ಕೂಡ ಇಡೀ ವೃತ್ತಿಜೀವನದಲ್ಲಿ ಇಂಥದ್ದನ್ನು ಕೈಬೆರಳೆಣಿಕೆಯಷ್ಟು ನೋಡಿರಬಹುದು. ನಿಮಗೆ ಆಪರೇಷನ್ ಹೇಳಿದವರ ಕೈಚಳಕದ ಬಗ್ಗೆ ನಮಗೆ ತಕರಾರಿಲ್ಲ. ಅವರು ಹೇಳಿದ ಕ್ರಮ ತಪ್ಪು.

ಎಂಆರ್‌ಐ ಹೇಗಿರಬೇಕು

‘ಮೊಣಕಾಲಿನ ಎಂಆರ್‌ಐ’ ಎಂದಷ್ಟೇ ಚೀಟಿಯಲ್ಲಿ ಬರೆದಿದ್ದರೆ ಸಾಲದು. ಇಡೀ ತೊಡೆಮೂಳೆ, ಮೇಲೆ ಸೊಂಟದ ಕೀಲಿನಿಂದ ಕೆಳಗೆ ಮೊಣಕಾಲಿನ ಕೀಲಿನವರೆಗೆ, ಕನಿಷ್ಠ ಒಂದು ಚಿತ್ರಸರಣಿಯಲ್ಲಾದರೂ (ಸೀಕ್ವೆನ್ಸ್) ಕಾಣಬೇಕು. ಮುಖ್ಯ ಗಡ್ಡೆಯಿಂದ ದೂರದಲ್ಲಿ, ನಡುವೆ ಚೆನ್ನಾಗಿರುವ ಮಜ್ಜೆಯನ್ನು ಬಿಟ್ಟು, ಅದೇ ಮೂಳೆಯಲ್ಲಿ ಇನ್ನೊಂದು ಸಣ್ಣ ಗಡ್ಡೆ ಕೂತಿರುವುದುಂಟು. ಮೊಣಕಾಲನ್ನಷ್ಟೇ ತೆಗೆದ ಚಿತ್ರದಲ್ಲಿ ಅದು ಬೀಳುವುದಿಲ್ಲ. ಗಡ್ಡೆ ಮಜ್ಜೆಯೊಳಗೆ ಎಷ್ಟು ಎತ್ತರಕ್ಕೆ ಹೋಗಿದೆ, ಕೀಲಿನೊಳಗೆ ಇಳಿದಿದೆಯೇ, ಮೊಣಕಾಲಿನ ಹಿಂದೆ ಹಾಯುವ ದೊಡ್ಡ ರಕ್ತನಾಳ ಮತ್ತು ನರಕ್ಕೆ ಅಂಟಿದೆಯೇ: ಮುಂದೆ ಆಪರೇಷನ್ ನಿಂತಿರುವುದು ಈ ಮೂರು ಉತ್ತರಗಳ ಮೇಲೆ.

ಇದು ಬಯಾಪ್ಸಿಗಿಂತ ಮೊದಲೇ ಆಗಬೇಕು. ಚುಚ್ಚಿದ ಮೇಲೆ ಒಳಗೆ ರಕ್ತ ಕಟ್ಟಿ ನೀರು ತುಂಬಿಕೊಳ್ಳುತ್ತದೆ, ಆಮೇಲೆ ತೆಗೆದ ಚಿತ್ರದಲ್ಲಿ ಗಡ್ಡೆ ಎಲ್ಲಿಗೆ ಮುಗಿಯಿತು ಎಂದು ಹೇಳುವುದು ಕಷ್ಟ. ಎದೆಯ ಸಿಟಿ ಸ್ಕ್ಯಾನ್ ಕೂಡ ಆದಷ್ಟು ಮಟ್ಟಿಗೆ ಅರಿವಳಿಕೆಗೆ ಮೊದಲೇ ಆಗಲಿ. ಅರಿವಳಿಕೆಯ ಬಳಿಕ ಶ್ವಾಸಕೋಶದ ತಳಭಾಗ ಸ್ವಲ್ಪ ಕುಗ್ಗಿರುತ್ತದೆ, ಅಲ್ಲಿನ ನೆರಳುಗಳು ಗಂಟುಗಳಂತೆ ಕಾಣುತ್ತವೆ. ಉಳಿದ ಮೂಳೆಗಳಿಗೆ ಬೋನ್ ಸ್ಕ್ಯಾನ್ ಅಥವಾ ಪೆಟ್-ಸಿಟಿ. ರಕ್ತದಲ್ಲಿ ಎಲ್‌ಡಿಎಚ್, ಆಲ್ಕಲೈನ್ ಫಾಸ್ಫಟೇಸ್ ಎಂಬ ಎರಡು ಕಿಣ್ವಗಳ ಮಟ್ಟ ನೋಡುತ್ತಾರೆ. ಎರಡನೆಯದು ಬೆಳೆಯುವ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚಿರುತ್ತದೆ, ಆ ಅಂಕಿ ನೋಡಿ ಗಾಬರಿಯಾಗಬೇಡಿ.

ಸೂಜಿ ಚುಚ್ಚಿದರೆ ಹರಡುತ್ತದೆಯೇ?

ಮನೆಯವರ ಭಯ ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ಬಯಾಪ್ಸಿ ಬಿಡುವುದಲ್ಲ. ಬಯಾಪ್ಸಿ ಮಾಡಿದ್ದರಿಂದ ರೋಗ ಶ್ವಾಸಕೋಶಕ್ಕೆ ಹೋಯಿತು ಎನ್ನಲು ಆಧಾರವಿಲ್ಲ. ಹೋಗುವುದಿದ್ದರೆ ಗಡ್ಡೆ ತಾನೇ ರಕ್ತದ ಮೂಲಕ ಮೊದಲೇ ಕಣಗಳನ್ನು ಕಳಿಸಿರುತ್ತದೆ. ಸೂಜಿ ಹೋಗಿ ಬಂದ ದಾರಿಯಲ್ಲಿ ಮಾತ್ರ ಕೆಲವು ಜೀವಕೋಶಗಳು ಉಳಿಯಬಹುದು. ಆದ್ದರಿಂದಲೇ ಆ ದಾರಿಯನ್ನು ಮೊದಲೇ ಯೋಚಿಸಿ, ಮುಂದೆ ದೊಡ್ಡ ಆಪರೇಷನ್ನಿನಲ್ಲಿ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯುವಂತೆ ಇಟ್ಟುಕೊಳ್ಳುತ್ತಾರೆ. ಮುಂದಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಿರುವುದು ಆ ಆಪರೇಷನ್ ಮಾಡುವವರಿಗೆ ಮಾತ್ರ. ಬಯಾಪ್ಸಿ ಅದೇ ತಂಡದ ಕೈಯಲ್ಲಿ, ಇಲ್ಲವೇ ಅವರು ಚರ್ಮದ ಮೇಲೆ ಗುರುತು ಹಾಕಿಕೊಟ್ಟ ಜಾಗದಲ್ಲಿ ರೇಡಿಯಾಲಜಿಸ್ಟ್ ಕೈಯಲ್ಲಿ ಆಗಬೇಕು ಎಂದು ಹಟ ಹಿಡಿಯುವುದು ಇದಕ್ಕೇ.

ಸಾಮಾನ್ಯವಾಗಿ ದಪ್ಪ ಸೂಜಿಯ ಕೋರ್ ಬಯಾಪ್ಸಿ ಸಾಕು. ಸಿಟಿ ಅಥವಾ ಅಲ್ಟ್ರಾಸೌಂಡ್ ನೋಡುತ್ತಾ, ಒಂದೇ ತೂತಿನಿಂದ ಕೋನ ಬದಲಿಸಿ ಹಲವು ತುಣುಕು ತೆಗೆಯುತ್ತಾರೆ. ನಡುಭಾಗ ಎಷ್ಟೋ ಸಲ ಸತ್ತ ಅಂಗಾಂಶ, ಅದರಿಂದ ಉತ್ತರ ಬರುವುದಿಲ್ಲ. ಮೂಳೆಯಿಂದ ಹೊರಗೆ ಉಬ್ಬಿದ ಅಂಚಿನ ತುಣುಕು ಬೇಕು. ಸೂಜಿ ಒಂದೇ ಸ್ನಾಯುವಿನ ಮೂಲಕ ಹಾದುಹೋಗಬೇಕು, ಕೀಲಿನ ಪೊರೆಗೆ ತಾಗಬಾರದು, ದೊಡ್ಡ ರಕ್ತನಾಳದ ಹತ್ತಿರ ಸುಳಿಯಬಾರದು. ತೆರೆದು ಮಾಡಲೇಬೇಕಾಗಿ ಬಂದರೆ ಕೊಯ್ತ ಕಾಲಿನ ಉದ್ದಕ್ಕೆ ಇರಬೇಕು. ಅಡ್ಡ ಕೊಯ್ದರೆ ಮುಂದೆ ಆ ಗಾಯವನ್ನೆಲ್ಲ ಸೇರಿಸಿ ತೆಗೆಯಲು ಚರ್ಮ, ಸ್ನಾಯು ಅಗಲಕ್ಕೆ ಹೋಗುತ್ತದೆ. ಮೂಳೆಯಲ್ಲಿ ಮಾಡಿದ ಕಿಂಡಿ ಮೂಲೆಗಳಿಲ್ಲದೆ ದುಂಡಗೆ ಇದ್ದರೆ ಅಲ್ಲಿಂದ ಬಿರುಕು ಬಿಡುವುದು ಕಡಿಮೆ. ಡ್ರೈನ್ ಟ್ಯೂಬ್ ಹಾಕಿದರೆ ಅದು ಗಾಯದ ಸಾಲಿನಲ್ಲೇ, ತುದಿಗೆ ಹತ್ತಿರ ಹೊರಬರಬೇಕು. ಮೂರು ಇಂಚು ಪಕ್ಕಕ್ಕೆ ತೆಗೆದರೆ ಅಲ್ಲಿಯವರೆಗಿನ ಅಂಗಾಂಶವೆಲ್ಲ ಸಂಶಯದ ಪ್ರದೇಶ.

ಇನ್ನೆರಡು ಸಣ್ಣ ವಿಷಯಗಳು ಆಗಾಗ ಮರೆತುಹೋಗುತ್ತವೆ. ಒಂದು ತುಣುಕು ಕಲ್ಚರ್ ಪರೀಕ್ಷೆಗೆ (ಕ್ರಿಮಿ ಬೆಳೆಸಿ ನೋಡುವುದು), ಕ್ಷಯದ ಪರೀಕ್ಷೆಯೂ ಸೇರಿ, ಹೋಗಬೇಕು. ಅದನ್ನು ಅಂಗಾಂಶ ಕಾಪಿಡುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕಿದರೆ ಕೆಟ್ಟಂತೆ. ಮತ್ತೆ, ಗಟ್ಟಿ ಮೂಳೆಯನ್ನು ಕತ್ತರಿಸಲು ಲ್ಯಾಬಿನಲ್ಲಿ ಆಸಿಡ್‌ನಲ್ಲಿ ಮೆತ್ತಗೆ ಮಾಡುತ್ತಾರೆ, ಆಸಿಡ್ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಜೀನ್ ಪರೀಕ್ಷೆಗೆ ಬೇಕಾಗಬಹುದೆಂದು ಮೃದುವಾದ ಒಂದು ತುಣುಕನ್ನು ಆಸಿಡ್ ತಾಗಿಸದೆ ಬೇರೆ ಇಡಲು ಕೇಳಿ.

ತಪ್ಪಾದ ಬಯಾಪ್ಸಿಯ ಬೆಲೆ ಎಷ್ಟು ಎಂಬುದಕ್ಕೆ ಹಳೆಯದಾದರೂ ಇಂದಿಗೂ ಎಲ್ಲರೂ ಹೇಳುವ ಲೆಕ್ಕವಿದೆ. ಅಮೆರಿಕದ ಮೂಳೆ ಗಡ್ಡೆ ತಜ್ಞ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ 329 ರೋಗಿಗಳನ್ನು ಪರಿಶೀಲಿಸಿದಾಗ ಶೇ. 4.5 ಮಂದಿಗೆ ಬಯಾಪ್ಸಿಯ ತೊಡಕಿನಿಂದಲೇ ಅನಗತ್ಯವಾಗಿ ಕೈಯೋ ಕಾಲೋ ಹೋಗಿತ್ತು. 1996ರಲ್ಲಿ 597 ರೋಗಿಗಳನ್ನು ನೋಡಿದಾಗಲೂ ಅದು ಶೇ. 3 ಇತ್ತು. ಚಿಕಿತ್ಸೆ ಕೊಡುವ ಕೇಂದ್ರದ ಬದಲು ಕಳಿಸಿಕೊಟ್ಟ ಆಸ್ಪತ್ರೆಯಲ್ಲೇ ಬಯಾಪ್ಸಿ ಆದಾಗ ತಪ್ಪು, ತೊಡಕುಗಳು 2ರಿಂದ 12 ಪಟ್ಟು ಹೆಚ್ಚು. ಸರಿಯಾದ ಜಾಗ ಸಿಗಲು ನಾಲ್ಕಾರು ದಿನ ಹೋದರೆ ಹೋಗಲಿ ಎನ್ನುವುದು ಈ ಕಾರಣಕ್ಕೆ. ನಾಲ್ಕಾರು ದಿನ ಎಂದರೆ ಅಷ್ಟೇ, ತಿಂಗಳಲ್ಲ.

ಮೃದು ಅಂಗಾಂಶದಲ್ಲಿ ಇದೇ ತಪ್ಪು ಇನ್ನೂ ಸುಲಭ

ನಿಮ್ಮ ಮಗನದು ಮೂಳೆಯ ವಿಷಯವಾದರೂ ಇದನ್ನು ಹೇಳದೆ ಬಿಡುವಂತಿಲ್ಲ. ತೊಡೆ, ತೋಳು, ಬೆನ್ನಿನಲ್ಲಿ ಬರುವ ಗಡ್ಡೆಗಳಲ್ಲಿ ಬಹುಪಾಲು ನಿರುಪದ್ರವಿ ಕೊಬ್ಬಿನ ಗಂಟುಗಳೇ. ಹಾಗಾಗಿ ಸ್ಕ್ಯಾನ್ ಇಲ್ಲದೆ ಅರ್ಧ ಗಂಟೆಯಲ್ಲಿ ತೆಗೆದು ಮನೆಗೆ ಕಳಿಸುವ ರೂಢಿ ಬೆಳೆದಿದೆ. ಹತ್ತು ದಿನಕ್ಕೆ ವರದಿಯಲ್ಲಿ ಸಾರ್ಕೋಮಾ ಎಂದು ಬಂದಾಗ ಗಡ್ಡೆ ಎಲ್ಲಿತ್ತು ಎನ್ನುವುದಕ್ಕೆ ಚಿತ್ರವೇ ಇರುವುದಿಲ್ಲ, ಒಳಗೆ ಚೂರು ಉಳಿದಿರುವುದೂ ಸಾಮಾನ್ಯ. ಮತ್ತೆ ಇನ್ನಷ್ಟು ಅಗಲವಾಗಿ ತೆಗೆದು, ಬೇರೆ ಕಡೆಯ ಚರ್ಮ ತಂದು ಮುಚ್ಚಿ, ರೇಡಿಯೇಷನ್ ಕೊಡಬೇಕಾಗುತ್ತದೆ.

5 ಸೆಂಟಿಮೀಟರಿಗಿಂತ ದೊಡ್ಡದು, ಬೆಳೆಯುತ್ತಿರುವುದು, ಆಳದಲ್ಲಿರುವುದು, ಒಮ್ಮೆ ತೆಗೆದರೂ ಮರಳಿ ಬಂದದ್ದು: ಇವುಗಳಲ್ಲಿ ಒಂದಿದ್ದರೂ ಕತ್ತಿಗೆ ಮೊದಲು ಸ್ಕ್ಯಾನ್. ನೋವಿಲ್ಲ ಎಂಬುದು ಸಮಾಧಾನದ ಮಾತಲ್ಲ, ಮೃದು ಅಂಗಾಂಶದ ಸಾರ್ಕೋಮಾ ಹೆಚ್ಚಾಗಿ ನೋಯುವುದೇ ಇಲ್ಲ. ಆಳವನ್ನು ಅಂದಾಜು ಮಾಡಲು ಆ ಭಾಗದ ಸ್ನಾಯುವನ್ನು ಬಿಗಿ ಮಾಡಿಸಿ ನೋಡಬಹುದು: ಸಡಿಲವಿದ್ದಾಗ ಅಲುಗಾಡುತ್ತಿದ್ದ ಗಡ್ಡೆ ಬಿಗಿ ಮಾಡಿದಾಗ ಗಟ್ಟಿಯಾಗಿ ನಿಂತರೆ ಅದು ಸ್ನಾಯುವಿನೊಳಗೆ ಇರುವ ಸಾಧ್ಯತೆ ಹೆಚ್ಚು. ಇಂಥ ಗಡ್ಡೆಗಳಿಗೆ ಆಪರೇಷನ್ನೇ ಮುಖ್ಯ. ದೊಡ್ಡದಾಗಿದ್ದು ಗ್ರೇಡ್ (ಜೀವಕೋಶಗಳು ಎಷ್ಟು ಉಗ್ರ ಎಂಬ ಅಳತೆ) ಹೆಚ್ಚಿದ್ದರೆ ರೇಡಿಯೇಷನ್ ಕೂಡ ಸೇರುತ್ತದೆ. ಆಪರೇಷನ್ನಿಗೆ ಮೊದಲಾದರೆ ಸಾಮಾನ್ಯವಾಗಿ 25 ಸಲದಲ್ಲಿ 50 ಗ್ರೇ (ರೇಡಿಯೇಷನ್ ಅಳೆಯುವ ಮಾನ). ನಂತರವಾದರೆ 60ರಿಂದ 66. ಮೊದಲು ಕೊಟ್ಟರೆ ಗಾಯ ಕೂಡಿಕೊಳ್ಳುವುದು ತಡ, ನಂತರ ಕೊಟ್ಟರೆ ವರ್ಷಗಳ ಮೇಲೆ ಕಾಲು ಬಿಗಿದು ಮರಗಟ್ಟುವುದು ಹೆಚ್ಚು.

ವರದಿ ಬಂದ ಮೇಲೆ

ಪ್ಯಾಥಾಲಜಿ ವರದಿಯಲ್ಲಿ ಬರೀ ‘ಮಾರಕ ಗಡ್ಡೆ’ ಎಂದಿದ್ದರೆ ಮುಂದುವರಿಯಬೇಡಿ. ಬಗೆ ಯಾವುದು, ಗ್ರೇಡ್ ಎಷ್ಟು ಎಂಬೆರಡು ಇರಲೇಬೇಕು. ತೊಡೆಮೂಳೆಯ ಹಿಂಭಾಗದಲ್ಲಿ ಮೇಲ್ಮೈಗೆ ಅಂಟಿಕೊಂಡು ನಿಧಾನ ಬೆಳೆಯುವ, ಕಡಿಮೆ ಗ್ರೇಡಿನ ಪ್ಯಾರಾಸ್ಟಿಯಲ್ ಎಂಬ ಬಗೆಗೆ ಆಪರೇಷನ್ ಮಾತ್ರ ಸಾಕು, ಕೀಮೋ ಬೇಡ. ಹೆಚ್ಚಿನ ಗ್ರೇಡಿನದಾದರೆ ಕೀಮೋ ಬಿಟ್ಟರೆ ನಡೆಯದು. ಯೂಯಿಂಗ್ ಆದರೆ ಔಷಧಿಗಳೇ ಬೇರೆ, ರೇಡಿಯೇಷನ್ನಿಗೂ ಅದು ಬಗ್ಗುತ್ತದೆ; ಅದನ್ನು ಖಚಿತಪಡಿಸಲು ಇಡಬ್ಲ್ಯೂಎಸ್‌ಆರ್1 ಜೀನಿನ ಪರೀಕ್ಷೆ ಬೇಕು. ಬಯಾಪ್ಸಿ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕ್‌ಗಳನ್ನು ಪಡೆದು ಸಾರ್ಕೋಮಾ ನೋಡಿ ಪಳಗಿದ ಇನ್ನೊಬ್ಬ ಪ್ಯಾಥಾಲಜಿಸ್ಟ್‌ಗೆ ತೋರಿಸುವುದು ಯಾರನ್ನೂ ಅವಮಾನಿಸಿದಂತೆ ಅಲ್ಲ. ಒಳ್ಳೆಯ ಕೇಂದ್ರಗಳು ತಾವಾಗಿಯೇ ಹಾಗೆ ಮಾಡುತ್ತವೆ.

ಹೆಚ್ಚಿನ ಗ್ರೇಡಿನ ಆಸ್ಟಿಯೋಸಾರ್ಕೋಮಾ ಎಂದೇ ಆದರೆ ಮೊದಲು ಸುಮಾರು ಹತ್ತು ವಾರ ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ. ಗಡ್ಡೆಯನ್ನು ಒಳಗೇ ಇಟ್ಟುಕೊಂಡು ಔಷಧಿ ಯಾಕೆ ಎಂದು ಎಲ್ಲ ಪೋಷಕರೂ ಕೇಳುತ್ತಾರೆ. ಸ್ಕ್ಯಾನಿನಲ್ಲಿ ಶ್ವಾಸಕೋಶ ಶುದ್ಧವಾಗಿ ಕಂಡರೂ ಹೆಚ್ಚಿನವರಲ್ಲಿ ಅಲ್ಲಿ ಕಾಣದಷ್ಟು ಸಣ್ಣ ಕಣಗಳು ಆಗಲೇ ಸೇರಿರುತ್ತವೆ. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಪರೇಷನ್ ಮಾತ್ರ ಆದವರಲ್ಲಿ ಎರಡು ವರ್ಷಕ್ಕೆ ರೋಗ ಮರುಕಳಿಸದೆ ಉಳಿದವರು ಶೇ. 17, ಕೀಮೋ ಕೂಡ ಪಡೆದವರಲ್ಲಿ ಶೇ. 66. ಇಂದು ಹರಡದೆ ಇರುವಾಗ ಸಿಕ್ಕ ರೋಗದಲ್ಲಿ ಐದು ವರ್ಷ ಬದುಕುವವರು ಶೇ. 60ರಿಂದ 70. ಪತ್ತೆಯಾದಾಗಲೇ ಹರಡಿದ್ದರೆ ಶೇ. 20ರಿಂದ 30ರ ಆಸುಪಾಸು; ಆಗಲೂ ಶ್ವಾಸಕೋಶದ ಗಂಟುಗಳನ್ನೆಲ್ಲ ಆಪರೇಷನ್‌ನಿಂದ ತೆಗೆಯಲಾದರೆ ಕೆಲವರು ಗುಣವಾಗುತ್ತಾರೆ.

ಔಷಧಿಗಳು ಮೂರು: ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್. ಪೋಷಕರು ಕಣ್ಣಿಟ್ಟು ಕಾಯಬೇಕಾದದ್ದು ಮೊದಲನೆಯದರ ದಿನಗಳನ್ನು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 12 ಗ್ರಾಂ ಲೆಕ್ಕದಲ್ಲಿ ನಾಲ್ಕು ಗಂಟೆ ಹರಿಸುತ್ತಾರೆ. ಅದರ ವಿಷವನ್ನು ತಡೆಯುವ ಔಷಧಿ ಇಲ್ಲದಿದ್ದರೆ ಅದು ಪ್ರಾಣಕ್ಕೇ ಅಪಾಯದ ಪ್ರಮಾಣ. ಸುರು ಮಾಡುವ ಮೊದಲೇ ಗ್ಲೂಕೋಸ್-ಬೈಕಾರ್ಬೊನೇಟ್ ಡ್ರಿಪ್ ಹಾಕಿ ಮೂತ್ರದ ಪಿಎಚ್ 7 ಅಥವಾ ಹೆಚ್ಚು ಇರುವಂತೆ ನೋಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಔಷಧಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. 24ನೇ ಗಂಟೆಗೆ ಆ ತಡೆಯುವ ಔಷಧಿ ಲ್ಯುಕೊವೊರಿನ್ ಶುರು, ಆಮೇಲೆ ದಿನವೂ ರಕ್ತದಲ್ಲಿ ಮಟ್ಟ ಅಳೆದು ಅದು 0.1 ಮೈಕ್ರೊಮೋಲ್‌ಗಿಂತ ಇಳಿಯುವವರೆಗೆ ಡ್ರಿಪ್ ಬಿಡಿಸುವುದಿಲ್ಲ. ಈ ದಿನಗಳಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಹೊಟ್ಟೆಯುರಿಗೆ ಕೊಡುವ ಪ್ಯಾಂಟೊಪ್ರಜೋಲ್, ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್, ಫೋಲಿಕ್ ಆಸಿಡ್ ಇರುವ ವಿಟಮಿನ್ ಮಾತ್ರೆ ಯಾವುದನ್ನೂ ತಂಡವನ್ನು ಕೇಳದೆ ಕೊಡಬಾರದು. ಮೊದಲ ಮೂರು ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ತಡೆಯುತ್ತವೆ, ಕೊನೆಯದು ಲೆಕ್ಕ ತಪ್ಪಿಸುತ್ತದೆ. ಮನೆಯಲ್ಲಿ ಸಲೀಸಾಗಿ ಕೊಡುವ ಮಾತ್ರೆಗಳೇ ಇವು, ಅದಕ್ಕೇ ಎಚ್ಚರ. ಕೀಮೋ ನಡುವೆ ಮೈ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಮೊದಲ ಡೋಸಿಗೆ ಮುಂಚೆ ಹೃದಯದ ಎಕೋ, ಕಿವಿಯ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ಆಗಬೇಕು: ಡಾಕ್ಸೊರುಬಿಸಿನ್ ಹೃದಯವನ್ನು, ಸಿಸ್‌ಪ್ಲಾಟಿನ್ ಕಿವಿ ಮತ್ತು ಮೂತ್ರಪಿಂಡವನ್ನು ಹಾಳುಮಾಡಬಲ್ಲವು. ಹದಿನೈದರ ಹುಡುಗನಾದ್ದರಿಂದ ವೀರ್ಯವನ್ನು ಶೀತಲೀಕರಿಸಿ ಇಡುವ ಮಾತನ್ನೂ ಆಗಲೇ ಎತ್ತಿ. ಮುಜುಗರದಿಂದ ವೈದ್ಯರೂ ಪೋಷಕರೂ ಇದನ್ನು ದಾಟಿಸಿಬಿಡುತ್ತಾರೆ. ಕೀಮೋ ಶುರುವಾದ ಮೇಲೆ ಆ ಅವಕಾಶ ಸಿಗುವುದಿಲ್ಲ.

ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯಲ್ಲಿ ಶೇ. 90ಕ್ಕಿಂತ ಹೆಚ್ಚು ಭಾಗ ಸತ್ತಿದ್ದರೆ ಕೀಮೋ ಚೆನ್ನಾಗಿ ಹಿಡಿದಿದೆ ಎಂದರ್ಥ. ಕಡಿಮೆ ಇದ್ದರೆ ಇನ್ನೂ ಕಟುವಾದ ಔಷಧಿ ಸೇರಿಸಿ ಎಂದು ಮನಸ್ಸು ಹೇಳುತ್ತದೆ. ಯುರಾಮೋಸ್-1 ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಹಾಗೆ ಎರಡು ಔಷಧಿ ಸೇರಿಸಿ ನೋಡಿದ್ದಾರೆ; ಅಡ್ಡಪರಿಣಾಮ ಹೆಚ್ಚಿತು, ಫಲಿತಾಂಶ ಸುಧಾರಿಸಲಿಲ್ಲ.

ಕಾಲು ಉಳಿಯುತ್ತದೆಯೇ?

ಬಹುಪಾಲು ಮಕ್ಕಳಲ್ಲಿ ಉಳಿಯುತ್ತದೆ. ಗಡ್ಡೆಯಿರುವ ಮೂಳೆಯ ಭಾಗವನ್ನು ಸುತ್ತ ಆರೋಗ್ಯವಾಗಿರುವ ಅಂಗಾಂಶದ ಹೊದಿಕೆ ಸಮೇತ, ಬಯಾಪ್ಸಿಯ ದಾರಿ ಸಮೇತ, ಒಂದೇ ತುಂಡಾಗಿ ತೆಗೆದು ಆ ಜಾಗಕ್ಕೆ ಲೋಹದ ಮೂಳೆ ಮತ್ತು ಮೊಣಕಾಲಿನ ಕೀಲು ಕೂರಿಸುತ್ತಾರೆ. ಅಂಚು ಶುದ್ಧವಾಗಿ ಸಿಗುವುದಾದರೆ ಕಾಲು ಉಳಿಸಿದವರ ಆಯುಷ್ಯ ಕಾಲು ತೆಗೆಸಿದವರಿಗಿಂತ ಕಡಿಮೆಯಿಲ್ಲ. ಮುಖ್ಯ ನರ, ರಕ್ತನಾಳಗಳನ್ನು ಗಡ್ಡೆ ಸುತ್ತುವರಿದಿದ್ದರೆ, ಕೀಮೋ ನಡುವೆಯೂ ಬೆಳೆದರೆ, ಸೋಂಕು ತುಂಬಿದ್ದರೆ, ಇಲ್ಲವೇ ಬಯಾಪ್ಸಿ ಎಲ್ಲೆಂದರಲ್ಲಿ ಆಗಿದ್ದರೆ ಕಾಲು ತೆಗೆಯುವ ಮಾತು ಬರುತ್ತದೆ.

‘ಬೆಳೆಯುವ ಹುಡುಗ, ಉದ್ದವಾಗುವ ಲೋಹದ ಮೂಳೆಯೇ ಬೇಕು’ ಎಂದು ಯಾರಾದರೂ ಹೇಳಿದರೆ ಒಮ್ಮೆ ಲೆಕ್ಕ ಕೇಳಿ. ತೊಡೆಮೂಳೆಯ ಕೆಳತುದಿ ವರ್ಷಕ್ಕೆ ಹತ್ತಿರ ಹತ್ತಿರ 1 ಸೆಂಟಿಮೀಟರ್ ಬೆಳೆಯುತ್ತದೆ, ಹುಡುಗರಲ್ಲಿ ಸುಮಾರು 16ಕ್ಕೆ ನಿಲ್ಲುತ್ತದೆ. ಹದಿನೈದರವನಿಗೆ ಉಳಿದಿರುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಅಷ್ಟಕ್ಕೆ ಸಾಮಾನ್ಯ ಕೀಲು, ಶೂ ಒಳಗೆ ಒಂದು ಪದರ ಸಾಕಾಗುತ್ತದೆ. ಎಂಟು ಹತ್ತು ವರ್ಷದ ಮಗುವಿನ ಲೆಕ್ಕ ಬೇರೆ. ಅಂಥ ಮಕ್ಕಳಿಗೆ ರೊಟೇಷನ್‌ಪ್ಲಾಸ್ಟಿ ಎಂಬ ದಾರಿಯೂ ಇದೆ: ಮೊಣಕಾಲಿನ ಭಾಗ ತೆಗೆದು ಕೆಳಗಿನ ಕಾಲನ್ನು 180 ಡಿಗ್ರಿ ತಿರುಗಿಸಿ ಮೇಲಕ್ಕೆ ಜೋಡಿಸುತ್ತಾರೆ, ಪಾದದ ಕೀಲು (ಹರಡು) ಮೊಣಕಾಲಿನ ಕೆಲಸ ಮಾಡುತ್ತದೆ, ಅದಕ್ಕೆ ಕೃತಕ ಕಾಲು ಹಾಕುತ್ತಾರೆ. ನೋಡಲು ಒಪ್ಪಿಕೊಳ್ಳುವುದು ಕಷ್ಟ, ಆದರೆ ಓಡಿಯಾಡುವ ಮಗುವಿಗೆ ಅದು ಲೋಹದ ಕೀಲಿಗಿಂತ ಗಟ್ಟಿ.

ಚಿಕಿತ್ಸೆ ಮುಗಿದ ಮೇಲೆ ಮೊದಲ ಎರಡು ಮೂರು ವರ್ಷ ಪ್ರತಿ 3-4 ತಿಂಗಳಿಗೆ ಎದೆಯ ಸ್ಕ್ಯಾನ್ ಅಥವಾ ಎಕ್ಸ್-ರೇ ಮತ್ತು ಕಾಲಿನ ಎಕ್ಸ್-ರೇ, ಐದನೇ ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಹೃದಯದ ಎಕೋ ಬಿಡಬೇಡಿ, ತೊಂದರೆ ಎಷ್ಟೋ ವರ್ಷಗಳ ಮೇಲೆ ತಲೆಯೆತ್ತಬಹುದು. ಕುಟುಂಬದಲ್ಲಿ ಎಳೆಯ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್, ಮೆದುಳಿನ ಗಡ್ಡೆ, ಸಾರ್ಕೋಮಾ ಬಂದವರಿದ್ದರೆ ಈಗಲೇ ವೈದ್ಯರಿಗೆ ಹೇಳಿ. ಟಿಪಿ53 ಎಂಬ ಜೀನಿನ ಪರೀಕ್ಷೆ ಬೇಕೇ ಎಂದು ನೋಡುತ್ತಾರೆ. ಇನ್ನು, ಲೋಹದ ಕೀಲು ಹಾಕಿದ ಕಾಲು ಯಾವತ್ತೇ ಆಗಲಿ ಕೆಂಪಾಗಿ ಬಿಸಿಯಾಗಿ ಊದಿದರೆ, ಗಾಯ ಒಸರಿದರೆ, ಹತ್ತಿರದ ವೈದ್ಯರು ಕೊಟ್ಟ ಆ್ಯಂಟಿಬಯಾಟಿಕ್ ನುಂಗಿಸುವ ಮೊದಲು ಆಪರೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ. ಕೀಲಿನಿಂದ ನೀರು ತೆಗೆದು ಕಲ್ಚರ್‌ಗೆ ಕಳಿಸುವ ಮುನ್ನವೇ ಮಾತ್ರೆ ಹೊಟ್ಟೆಗೆ ಹೋದರೆ ಯಾವ ಕ್ರಿಮಿ ಎಂಬುದು ತಿಳಿಯದೆ ಹೋಗುತ್ತದೆ.